ಶಾಲೆಯ ಹತ್ತಿರದ ಮನೆ

ಕಿಟಕಿಯ ಚಿಲಕ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಅಕ್ಕ ಮೊದಲು ಅಂಗೈಯಿಂದ ಗುದ್ದಿದಳು, ಆಮೇಲೆ ಭುಜ ಕೊಟ್ಟಳು. ಕದ ಧಡಾರನೆ ತೆರೆದುಕೊಂಡಿತು. ಹೊರಗಿನ ಗದ್ದಲವೆಲ್ಲ ಒಮ್ಮೆಲೇ ಆ ಖಾಲಿ ಕೋಣೆಯೊಳಕ್ಕೆ ನುಗ್ಗಿತು. ರಸ್ತೆಯ ಆಚೆಗೆ ಶಾಲೆಯ ಆಟದ ಬಯಲು. ಮಕ್ಕಳು ಒಂದೇ ಚೆಂಡಿನ ಹಿಂದೆ ಹಿಂಡಾಗಿ ಓಡುತ್ತಿದ್ದರು.

"ನೋಡು, ಇಲ್ಲಿಂದಾನೇ ಕಾಣುತ್ತೆ," ಎಂದಳು ತಮ್ಮನ ಹೆಂಡತಿಗೆ. "ಬೆಲ್ ಹೊಡೆದ ಮೇಲೆ ಮನೆ ಬಿಟ್ರೂ ಲೇಟಾಗಲ್ಲ."

ತಮ್ಮನ ಹೆಂಡತಿ ಇಣುಕಿ ನೋಡಿ, ಮೆಚ್ಚಿದಂತೆ ತಲೆಯಾಡಿಸಿ, ನಲ್ಲಿ ತಿರುಗಿಸಿ ನೋಡಲು ಅಡುಗೆಮನೆಗೆ ಹೋದಳು. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಕೆಲಸ ಮಾಡುವ ಅವಳಿಗೆ ಏನನ್ನೇ ಆಗಲಿ ಎರಡು ಸಲ ನೋಡದೆ ನಂಬುವ ಅಭ್ಯಾಸವಿರಲಿಲ್ಲ. ತಮ್ಮ ಲಿಫ್ಟ್ ರಿಪೇರಿಯವನು. ಅವನು ಗೋಡೆ, ನೆಲ ಯಾವುದನ್ನೂ ನೋಡದೆ ಸ್ವಿಚ್ಚಿನ ಬೋರ್ಡಿನ ಮುಂದೆ ನಿಂತು, ವೈರಿಂಗ್ ಮಾಡಿದ ಪುಣ್ಯಾತ್ಮ ಯಾರೋ ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದ. ತಮ್ಮನ ಸಂಸಾರವಿದ್ದ ಹಳೆಯ ಕಟ್ಟಡವನ್ನು ಕೆಡವುತ್ತಾರಂತೆ. ಮುಂದಿನ ವರ್ಷದ ಶಾಲೆ ಶುರುವಾಗುವ ಮೊದಲು ಬೇರೆ ಮನೆ ಹುಡುಕಲೇಬೇಕಿತ್ತು. ಹೇಗೂ ಹುಡುಕುವುದೇ ಆದರೆ ಒಳ್ಳೆಯ ಸರ್ಕಾರಿ ಶಾಲೆಯಿರುವ ಬಡಾವಣೆಯಲ್ಲೇ ಹುಡುಕೋಣ, ಮಗಳ ಓದು ಒಂದು ದಾರಿಗೆ ಬರಲಿ ಎಂದು ಗಂಡ ಹೆಂಡತಿ ತೀರ್ಮಾನಿಸಿದ್ದರು. ಬಡಾವಣೆಯಲ್ಲಿ ವಾಸವಿದ್ದವರ ಮಕ್ಕಳಿಗೆ ಮಾತ್ರ ಅಲ್ಲಿನ ಶಾಲೆಯಲ್ಲಿ ಜಾಗ. ಅದು ಎಲ್ಲ ಕಡೆಯ ನಿಯಮ.

ಮಗಳು ಚುಕ್ಕಿ ಒಳಗಿನ ಕೋಣೆಯಲ್ಲಿದ್ದಳು. ಅಲ್ಲಿಂದ ಸಣ್ಣ ದನಿಯಲ್ಲಿ ಮಾತು ಕೇಳಿಸುತ್ತಿತ್ತು. ಅಕ್ಕ ಬಾಗಿಲ ಮರೆಯಲ್ಲಿ ನಿಂತಳು. ಹುಡುಗಿ ಗೋಡೆಯ ಮೇಲಿನ ತೇವದ ಕಲೆಯೊಂದಕ್ಕೆ, ನೀನು ಆನೆಯೋ ಮೋಡವೋ ಬೇಗ ಹೇಳು, ನನಗೆ ಹೊತ್ತಾಯಿತು ಎಂದು ಜಬರ್ದಸ್ತಿನಿಂದ ಕೇಳುತ್ತಿದ್ದಳು. ಒಂದಕ್ಷರವೂ ಎಡವಲಿಲ್ಲ. ಅತ್ತೆಯ ನೆರಳು ಕಂಡದ್ದೇ ತಡ, ಬಾಯಿ ಮುಚ್ಚಿಕೊಂಡಳು.

"ಯಾರ ಹತ್ರ ಮಾತಾಡ್ತಿದ್ದೆ ಪುಟ್ಟಿ?"

"ಗೋ... ಗೋ... ಗೋ..."

"ಗೋಡೆ ಹತ್ರಾನಾ?" ಎಂದಳು ಅಕ್ಕ ನಗುತ್ತ. ಚುಕ್ಕಿ ಹೌದೆಂದು ತಲೆಯಾಡಿಸಿದಳು.

ಅಕ್ಕ ಆ ಬಡಾವಣೆಗೆ ಬಂದು ಬಹಳ ವರ್ಷಗಳಾಗಿದ್ದವು. ಬಂದದ್ದು ಶಾಲೆಯನ್ನು ನೋಡಿಯಲ್ಲ, ಆಸ್ಪತ್ರೆ ಹತ್ತಿರ ಎಂದು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವಳು ಎಕ್ಸ್‌ರೇ ತೆಗೆಯುತ್ತಿದ್ದಳು. ಅಲ್ಲಿಯೂ ಅವಳು ಎಲ್ಲರಿಗೂ ಅಕ್ಕನೇ. ದಿನವೂ ಎಷ್ಟೋ ಜನರ ಗದ್ದ ಎತ್ತಿ, ಭುಜ ತಿರುಗಿಸಿ, ಮೊಣಕಾಲು ಹಿಡಿದು ಸರಿಯಾಗಿ ಇಡುತ್ತಿದ್ದಳು. ಇಟ್ಟ ಮೇಲೆ ಸೀಸದ ಗೋಡೆಯ ಹಿಂದೆ ಹೋಗಿ ನಿಂತು, ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ ಎನ್ನುತ್ತಿದ್ದಳು. ಅಷ್ಟೊಂದು ಜನರನ್ನು ಮುಟ್ಟಿ ಮನೆಗೆ ಬಂದರೆ, ಮನೆಯಲ್ಲಿ ಮುಟ್ಟಲು ಇದ್ದದ್ದು ಬಾಗಿಲ ಹಿಡಿ, ದೀಪದ ಸ್ವಿಚ್ಚು, ಒಲೆಯ ತಿರುಪು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳುತ್ತಿದ್ದಳು. ಎಲ್ಲವೂ ಸ್ವಲ್ಪ ಸ್ವಲ್ಪ ನಿಜವಾಗಿದ್ದವು.

ಬಡಾವಣೆಗೆ ಹೆಸರು ಬಂದದ್ದೇ ಶಾಲೆಯಿಂದ. ದೂರದೂರದಿಂದ ಜನ ಮನೆ ಹುಡುಕಿಕೊಂಡು ಬರುತ್ತಿದ್ದರು. ಹಾಲಿನ ಅಂಗಡಿಯಲ್ಲಿ, ಪಾರ್ಕಿನಲ್ಲಿ, ಮೆಟ್ಟಿಲ ಮೇಲೆ, ಎಲ್ಲಿ ನಾಲ್ಕು ಜನ ಸೇರಿದರೂ ಯಾವ ಟೀಚರು, ಯಾವ ಸೆಕ್ಷನ್ನು, ಯಾರ ಮಗ ಎಷ್ಟರಲ್ಲಿ ಪಾಸು ಎನ್ನುವುದೇ ಮಾತು. ಅಕ್ಕನಿಗೆ ಆ ಮಾತಿನೊಳಗೆ ಕಾಲಿಡಲು ಜಾಗವಿರಲಿಲ್ಲ. ಹೊಸಬರು ಯಾರಾದರೂ "ನಿಮ್ಮ ಮಕ್ಕಳು ಯಾವ ಕ್ಲಾಸು?" ಎಂದು ಕೇಳಿ, ಉತ್ತರ ಕೇಳಿ, ಅಯ್ಯೋ ಎನ್ನುವ ಮುಖ ಮಾಡಿ ಆಚೆ ತಿರುಗುತ್ತಿದ್ದರು. ಶಾಲೆಗೆ ದೊಡ್ಡ ರಜೆ ಬಂತೆಂದರೆ ಇಡೀ ಬೀದಿ ಊರು ಬಿಡುತ್ತಿತ್ತು. ಆಗ ಮಧ್ಯಾಹ್ನಗಳಲ್ಲಿ ತನ್ನ ಫ್ರಿಜ್ಜಿನ ಗುರುಗುಟ್ಟುವಿಕೆಯೇ ಅವಳಿಗೆ ಕಿವಿ ತುಂಬ ಕೇಳಿಸುತ್ತಿತ್ತು.

ತನ್ನ ಮನೆಯ ಮೇಲಿನ ಈ ಮನೆ ಖಾಲಿಯಾದ ದಿನವೇ ಅವಳು ತಮ್ಮನಿಗೆ ಫೋನು ಮಾಡಿದ್ದಳು. ಮನೆ ಯಜಮಾನರ ಹಿಂದೆ ಬಿದ್ದು, ಬಂದವರಿಗೆಲ್ಲ ಇಲ್ಲ ಎನ್ನಿಸಿದ್ದಳು. ಆಮೇಲೆ ಮನಸ್ಸಿನಲ್ಲಿ ಮಂಡಿಗೆ ತಿಂದದ್ದಕ್ಕೆ ಲೆಕ್ಕವಿಲ್ಲ. ಚುಕ್ಕಿ ಶಾಲೆ ಬಿಟ್ಟು ಬಂದು ಚೀಲವನ್ನು ತನ್ನ ಮನೆಯಲ್ಲೇ ಬಿಸಾಕುತ್ತಾಳೆ. ಅಪ್ಪ ಅಮ್ಮ ಬರುವ ತನಕ ತನ್ನ ಊಟದ ಮೇಜಿನ ಮೇಲೇ ಹೋಂವರ್ಕು. ಇಬ್ಬರಿಗೂ ಸೇರಿಸಿ ಅಡುಗೆ ಮಾಡಿದರಾಯಿತು. ತಲೆಯ ಮೇಲೆ ಓಡಾಡುವ ಹೆಜ್ಜೆಗಳಲ್ಲಿ ಯಾವುದು ಯಾರದು ಎಂದು ತನಗೆ ಮಲಗಿದಲ್ಲೇ ಗೊತ್ತಾಗುತ್ತದೆ.

ಮನೆ ನೋಡಿದ ಮೇಲೆ ಕೆಳಗೆ ಅವಳ ಮನೆಯಲ್ಲಿ ಚಹಾ ಕುಡಿಯುವಾಗ ತಮ್ಮನ ಹೆಂಡತಿ ಇನ್ನೊಂದು ಸುದ್ದಿ ತೆಗೆದಳು. ನಗರದ ಆಚೆ ತುದಿಯಲ್ಲಿ, ರೈಲು ಹಳಿ ದಾಟಿ ಹೋದರೆ, ಕಾರ್ಖಾನೆಗಳ ಪಕ್ಕ ಒಂದು ಬಡಾವಣೆ ಇದೆಯಂತೆ. ಅಂಗಡಿಗೆ ಬರುವ ಹೆಂಗಸೊಬ್ಬಳ ಮಗ ಅಲ್ಲಿನ ಸರ್ಕಾರಿ ಶಾಲೆಗೆ ಹೋಗುತ್ತಾನಂತೆ. ಹೆಸರೇನೂ ಇಲ್ಲ, ಆದರೆ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದಳಂತೆ. ಒಂದು ಸಲ ನೋಡಬೇಕಿತ್ತು, ಆದರೆ ಇಬ್ಬರಿಗೂ ರಜೆ ಸಿಗುವುದಿಲ್ಲ. ಅಕ್ಕನಿಗಾದರೆ ವಾರದ ನಡುವೆ ಬಿಡುವಿರುತ್ತದೆ.

"ಎರಡೂ ಶಾಲೇನ ನೀವೇ ನೋಡ್ಕೊಂಡು ಬಂದ್ಬಿಡಿ ಅಕ್ಕ. ಚುಕ್ಕೀನೂ ಕರ್ಕೊಂಡು ಹೋಗಿ," ಎಂದಳು. "ನೀವು ನೋಡಿದ್ರೆ ನಾವು ನೋಡಿದ ಹಾಗೆ. ನೀವು ಎಲ್ಲಿ ಅಂತೀರೋ ಅಲ್ಲಿ."

ತಮ್ಮನೂ ಹೂಂಗುಟ್ಟಿದ. ಅಕ್ಕನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಹತ್ತಿರದ ಶಾಲೆಗೆ ಹೋದ ದಿನ ಅವಳು ಚುಕ್ಕಿಗೆ ಎರಡು ಜಡೆ ಹಾಕಿ, ತಾನೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡಳು. ಹೆಡ್‌ಮಿಸ್ಸು ಅಚ್ಚುಕಟ್ಟಾದ ಹೆಂಗಸು. ಗಾಜಿನ ಬೀರುವಿನ ತುಂಬ ಬಹುಮಾನದ ಕಪ್ಪುಗಳು, ಮೊದಲ ಸ್ಥಾನ ಬಂದವರ ಫೋಟೋಗಳು. ನೆಲದಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಗ್ರಂಥಾಲಯ, ಪ್ರಯೋಗದ ಕೋಣೆ, ಹಾಡಿನ ಕೋಣೆ ಎಲ್ಲವನ್ನೂ ಖುದ್ದಾಗಿ ತೋರಿಸಿದರು. ಚುಕ್ಕಿಗೆ ಸರಿಹೋಗುವ ತರಗತಿಯಲ್ಲಿ ಟೀಚರು ಅವಳನ್ನು ಮುಂದೆ ನಿಲ್ಲಿಸಿ, ನಿನಗೆ ಯಾವ ಪ್ರಾಣಿ ಇಷ್ಟ ಎಂದು ಕೇಳಿದರು.

ಚುಕ್ಕಿಯ ತುಟಿ ಸೇರಿಕೊಂಡು ನಿಂತುಬಿಟ್ಟಿತು. "ಮ... ಮ..."

"ಮೊಲ," ಎಂದರು ಟೀಚರು ಅಕ್ಕರೆಯಿಂದ.

"ಮೊಲ," ಎಂದಿತು ತರಗತಿ ಒಂದೇ ದನಿಯಲ್ಲಿ.

ಟೀಚರು ಅವಳ ಬೆನ್ನು ಸವರಿ, ಜಾಣೆ, ಹೋಗಿ ಕೂತುಕೋ ಎಂದರು. ಚುಕ್ಕಿ ನಕ್ಕಳು. ಆ ನಗೆ ಅಕ್ಕನಿಗೆ ಗೊತ್ತಿತ್ತು. ಫೋಟೋ ತೆಗೆಯುವವನ ಮುಂದೆ ನಿಂತಾಗ ನಗುತ್ತಾರಲ್ಲ, ಅಂಥದ್ದು. ಹೊರಗೆ ಬಂದ ಮೇಲೆ ಹೆಡ್‌ಮಿಸ್ಸು ದನಿ ತಗ್ಗಿಸಿ, ಉಗ್ಗಿನ ಬಗ್ಗೆ ಯೋಚನೆ ಬೇಡ, ಇಲ್ಲಿನ ಮಕ್ಕಳ ವೇಗಕ್ಕೆ ಬಿದ್ದರೆ ತಾನೇ ಸರಿಹೋಗುತ್ತದೆ ಎಂದರು. ಅದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಏನೂ ಇರಲಿಲ್ಲ. ಎಲ್ಲರೂ ಒಳ್ಳೆಯವರು. ಮನೆಗೆ ಬರುವ ದಾರಿಯಲ್ಲಿ ಅಕ್ಕ ಅದನ್ನು ತನಗೆ ತಾನೇ ಹಲವು ಸಲ ಹೇಳಿಕೊಂಡಳು. ಗೇಟಿನ ಹತ್ತಿರ ಚುಕ್ಕಿ ಅವಳ ಕೈ ಜಗ್ಗಿದಳು.

"ಮೊ... ಮೊಲ ಅಲ್ಲ ಅತ್ತೆ. ಮ... ಮೊಸಳೆ."

ದೂರದ ಶಾಲೆಗೆ ಹೊರಟಾಗ ಅಕ್ಕನ ಮನಸ್ಸಿನ ಮೂಲೆಯಲ್ಲಿ ಒಂದು ಆಸೆಯಿತ್ತು: ಶಾಲೆ ಕೆಟ್ಟದಾಗಿರಲಿ. ಬಸ್ಸು ಬದಲಾಯಿಸಿ, ಹಳಿಯ ಗೇಟಿನಲ್ಲಿ ಕಾದು, ಮತ್ತೊಂದು ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತ್ತು. ಬಡಾವಣೆಯಲ್ಲಿ ಮರವೆಂಬುದೇ ಇಲ್ಲ. ಬಿಸಿ ರಬ್ಬರಿನ ವಾಸನೆ, ಕಬ್ಬಿಣ ಕೊಯ್ಯುವ ಸದ್ದು, ಒಂದಕ್ಕೊಂದು ಅಂಟಿಕೊಂಡ ಬೂದು ಮನೆಗಳು. ಶಾಲೆಯ ಕಾಂಪೌಂಡಿನ ಬಣ್ಣ ಚಕ್ಕೆ ಎದ್ದಿತ್ತು. ಅದನ್ನು ನೋಡಿ ಅವಳಿಗೆ ಖುಷಿಯಾಯಿತು. ಇಲ್ಲಿ ಯಾರು ಸೇರಿಸುತ್ತಾರೆ ಎಂದುಕೊಂಡು ಹಗುರವಾಗಿ ಒಳಗೆ ಹೋದಳು.

ಕಚೇರಿಯಲ್ಲಿದ್ದವರು ಸುತ್ತಿ ತೋರಿಸಲಿಲ್ಲ. ಬೇಕಾದರೆ ಹೋಗಿ ತರಗತಿಯಲ್ಲಿ ಕೂತುಕೊಳ್ಳಿ ಎಂದರು. ಮೇಷ್ಟ್ರು ಉದ್ದ ಕತ್ತಿನ ಮನುಷ್ಯ, ಅಂಗಿಯ ಮೊಣಕೈಗೆಲ್ಲ ಸೀಮೆಸುಣ್ಣ. ಹೊಸ ಹುಡುಗಿಯನ್ನು ಮುಂದೆ ಕರೆಯಲಿಲ್ಲ. ಅವಳು ಕೂತ ಬೆಂಚಿನ ಪಕ್ಕಕ್ಕೇ ಬಂದು, ದಾರಿಯಲ್ಲಿ ಏನು ನೋಡಿದೆ ಎಂದು ಕೇಳಿದರು.

"ಬ... ಬ... ಬ..." ಚುಕ್ಕಿಯ ಕತ್ತಿನ ನರ ಉಬ್ಬಿತು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

ಮೇಷ್ಟ್ರು ಸುಮ್ಮನಿದ್ದರು. ತರಗತಿಯೂ ಸುಮ್ಮನಿತ್ತು. ಯಾರೂ ತಿರುಗಿ ದಿಟ್ಟಿಸಲಿಲ್ಲ, ಯಾರೂ ಕಿಸಕ್ಕೆನ್ನಲಿಲ್ಲ. ಮುಂದಿನ ಬೆಂಚಿನ ಹುಡುಗಿ ಪೆನ್ಸಿಲ್ಲು ಕೆರೆಯುವುದನ್ನು ನಿಲ್ಲಿಸಿ ಕೂತಳು, ಅಷ್ಟೆ. ಅಂಥ ಮೌನ ಅಲ್ಲಿ ದಿನವೂ ಇರುತ್ತದೇನೋ ಎಂಬಂತಿತ್ತು. ಆ ಕೋಣೆಯಲ್ಲಿ ಚಡಪಡಿಸುತ್ತಿದ್ದವಳು ಅಕ್ಕ ಒಬ್ಬಳೇ. ಬಸ್ಸು, ಬಸ್ಸು ಎಂದು ಅವಳ ನಾಲಿಗೆಯ ತುದಿಗೆ ಬಂದಿತ್ತು. ತುಟಿ ತೆರೆದೂ ಆಗಿತ್ತು. ಅಷ್ಟರಲ್ಲಿ ಹುಡುಗಿಯ ಬಾಯಿಂದ ಮಾತು ಕಳಚಿಕೊಂಡಿತು.

"ಬಾಗಿಲು," ಎಂದಳು ಚುಕ್ಕಿ. "ಬ... ಬಸ್ಸಲ್ಲಿ ಒಬ್ರು ಬಾಗಿಲು ತಂದಿದ್ರು. ನಿ... ನಿಲ್ಲಿಸ್ಕೊಂಡು."

"ಎಷ್ಟು ದೊಡ್ಡ ಬಾಗಿಲು?" ಎಂದರು ಮೇಷ್ಟ್ರು.

"ಮ... ಮನೆ ಬಾಗಿಲು. ಕಂ... ಕಂಡಕ್ಟರು ಅದಕ್ಕೂ ಟಿಕೆಟ್ ಕೊಟ್ರು. ಆಮೇಲೆ ಒಬ್ಬಜ್ಜಿ ಅದನ್ನ... ಅದನ್ನ ತ... ತಟ್ಟಿ, ಒಳಗೆ ಯಾರಿದ್ದೀರಾ ಅಂದ್ರು."

ಇಡೀ ತರಗತಿ ನಕ್ಕಿತು. ನಕ್ಕದ್ದು ಅಜ್ಜಿಗೆ. ಚುಕ್ಕಿ ಒಂದು ಕ್ಷಣ ಗಾಬರಿಯಿಂದ ಸುತ್ತ ನೋಡಿದಳು. ಆಮೇಲೆ ಅದು ಯಾವ ನಗು ಎಂದು ಗೊತ್ತಾಗಿ, ಹಲ್ಲು ಬಿದ್ದ ಜಾಗವೆಲ್ಲ ಕಾಣುವ ಹಾಗೆ ತಾನೂ ನಕ್ಕಳು.

ಅಕ್ಕನೂ ಆ ಬಸ್ಸಿನಲ್ಲೇ ಬಂದಿದ್ದಳು. ಬಾಗಿಲನ್ನೂ ನೋಡಿದ್ದಳು. ಹುಡುಗಿ ಅದನ್ನು ಇಷ್ಟು ನೋಡಿದ್ದಾಳೆ ಎಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ತಾನು ಪ್ರೀತಿಯಿಂದ, ತುತ್ತಿಟ್ಟಂತೆ, ಅವಳ ಬಾಯಿಗೆ ಮಾತು ಇಟ್ಟಿದ್ದಳು. ಅದರಲ್ಲಿ ಎಷ್ಟು ಮೊಸಳೆಗಳು ಮೊಲಗಳಾಗಿದ್ದವೋ.

ವಾಪಸು ಬರುವಾಗ ಚುಕ್ಕಿ ಅವಳ ತೋಳಿಗೆ ಒರಗಿ ನಿದ್ದೆ ಹೋದಳು. ಜಡೆ ಬಿಚ್ಚಿಕೊಂಡಿತ್ತು. ಅಕ್ಕ ಕಿಟಕಿಯ ಹೊರಗೆ ನೋಡುತ್ತ ಮನಸ್ಸಿನೊಳಗೆ ಚೌಕಾಸಿ ಮಾಡುತ್ತಿದ್ದಳು. ಹತ್ತಿರದ ಶಾಲೆಯೂ ಒಳ್ಳೆಯದೇ, ಅದೇನು ಸುಳ್ಳಲ್ಲ. ಅಲ್ಲಿಗೂ ಹೋಗಿ ಟೀಚರಿಗೆ ಹೇಳಬಹುದು. ನಾನಂತೂ ಇದ್ದೇ ಇರುತ್ತೇನೆ, ಇನ್ನು ಮೇಲೆ ನಾನೂ ಕಾಯುತ್ತೇನೆ. ಮರವಿಲ್ಲದ ಆ ಬೀದಿಯಲ್ಲಿ ಮಗು ಬೆಳೆಯುವುದೇ? ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದರೆ ಶಾಲೆ ಬಿಟ್ಟ ಮೇಲೆ ಅವಳ ಗತಿ? ಒಂದೊಂದು ಕಾರಣವೂ ಅಪ್ಪಟವಾಗಿತ್ತು. ಅಷ್ಟಕ್ಕೂ ಬಾಯಿ ಬಿಟ್ಟು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಕಾಂಪೌಂಡಿನ ಬಣ್ಣ ಎದ್ದಿದೆ ಎಂದಷ್ಟೇ ಹೇಳಿ ಸುಮ್ಮನಾದರೆ ಸಾಕಿತ್ತು.

ಸಂಜೆ ತಮ್ಮ, ಅವನ ಹೆಂಡತಿ ಮಗಳನ್ನು ಕರೆದೊಯ್ಯಲು ಬಂದರು. ಅಕ್ಕ ಮೊದಲು ಹತ್ತಿರದ ಶಾಲೆಯ ವಿಷಯ ಹೇಳಿದಳು. ಗ್ರಂಥಾಲಯ, ಹಾಡಿನ ಕೋಣೆ, ಹೊಳೆಯುವ ನೆಲ, ಒಂದನ್ನೂ ಬಿಡಲಿಲ್ಲ. ದೂರದ ಬಡಾವಣೆಯ ಮಾತು ಬಂದಾಗ ಬಸ್ಸು ಬದಲಾಯಿಸಿದ್ದು, ಹಳಿಯ ಗೇಟು, ರಬ್ಬರಿನ ವಾಸನೆ ಹೇಳಿದಳು. ತಮ್ಮನ ಹೆಂಡತಿ ಉಸಿರು ಬಿಟ್ಟು, ಹಾಗಾದರೆ ಯೋಚನೆಯೇ ಇಲ್ಲ, ಮೇಲಿನ ಮನೆಯೇ ಗಟ್ಟಿ ಎಂದಳು. ತಮ್ಮನ ಮುಖ ಅರಳಿತು. ನನಗೂ ಅದೇ ಬೇಕಿತ್ತು, ಅಕ್ಕನೂ ಒಬ್ಬಳೇ ಇದ್ದಾಳೆ ಎಂದ.

ಹಾಲಿನ ಲೋಟ ಹಿಡಿದು ಕೂತಿದ್ದ ಚುಕ್ಕಿ ಏನೋ ಹೇಳಲು ಹೊರಟಳು. "ಆ... ಆ ಸ್ಕೂ... ಸ್ಕೂ..."

"ಆ ಸ್ಕೂಲು ಬೇಡ, ಇದೇ ಚೆನ್ನಾಗಿದೆ ಅಲ್ವಾ?" ಎಂದ ತಮ್ಮ ಅವಳ ತಲೆ ಸವರಿ.

ಚುಕ್ಕಿ ಫೋಟೋದ ನಗು ನಕ್ಕು, ಹೌದೆಂದು ತಲೆಯಾಡಿಸಿದಳು.

ಅಲ್ಲಿಗೆ ಮುಗಿದಿತ್ತು. ಅಕ್ಕ ಖಾಲಿ ಲೋಟಗಳನ್ನು ತೆಗೆದುಕೊಳ್ಳಲು ಬಗ್ಗಿದವಳು ಹಾಗೆಯೇ ನಿಂತಳು.

"ಅವಳು ಅದನ್ನ ಹೇಳ್ತಿರ್ಲಿಲ್ಲ ಕಣೋ," ಎಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು. "ಹೇಳು ಪುಟ್ಟಿ. ಯಾರೂ ಮಾತಾಡಲ್ಲ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಚುಕ್ಕಿ ಲೋಟದ ಅಂಚನ್ನು ಉಗುರಿನಿಂದ ಕೆರೆದಳು, ಕಣ್ಣು ಮುಚ್ಚಿದಳು, ಬಿಟ್ಟಳು. ತಮ್ಮ ನಡುವೆ ಬಾಯಿ ಹಾಕಲು ಹೋದಾಗ ಅಕ್ಕ ಅವನ ಮೊಣಕೈ ಒತ್ತಿ ಹಿಡಿದಳು. ಹುಡುಗಿ ಎಡವುತ್ತ, ನಿಲ್ಲುತ್ತ, ಬಾಗಿಲು ತಂದವನ ಕತೆಯನ್ನು ಅಜ್ಜಿ ತಟ್ಟುವವರೆಗೂ ಹೇಳಿ ಮುಗಿಸಿದಳು. ಆಮೇಲೆ ಅದನ್ನು ಆ ಶಾಲೆಯಲ್ಲಿ ಹೇಳಿದೆ, ಎಲ್ಲರೂ ನಕ್ಕರು ಎಂದಳು. ಅಪ್ಪ ಅಮ್ಮ ಅವಳ ಬಾಯಿಂದ ಅಷ್ಟು ಉದ್ದದ ಮಾತು ಎಂದೂ ಕೇಳಿರಲಿಲ್ಲ. ನಗಬೇಕಾದ ಕಡೆ ತಮ್ಮ ನಗುವುದನ್ನೇ ಮರೆತು ಮಗಳನ್ನು ನೋಡುತ್ತ ಕೂತಿದ್ದ.

"ನೀವು ಆ ಕಡೆ ಮನೆ ನೋಡಿ," ಎಂದಳು ಅಕ್ಕ. "ಅಲ್ಲಿ ಅವಳ ಮಾತು ಮುಗಿಯೋ ತನಕ ಕಾಯ್ತಾರೆ. ಇಲ್ಲಿ ಕಾಯಲ್ಲ. ನಾವೂ ಕಾದಿಲ್ಲ."

"ಅಷ್ಟು ದೂರ ಹೋದ್ರೆ ನೀನು..." ತಮ್ಮ ಮಾತು ಅರ್ಧಕ್ಕೇ ಬಿಟ್ಟ.

"ಬಸ್ಸಿದೆಯಲ್ಲೋ," ಎಂದಳು ಅಕ್ಕ.

ತಮ್ಮನ ಹೆಂಡತಿ ಲೋಟಗಳನ್ನು ತಾನೇ ಎತ್ತಿಕೊಂಡು ಅಡುಗೆಮನೆಗೆ ಬಂದಳು. ತೊಳೆಯುತ್ತ, ತಿರುಗಿ ನೋಡದೆ ಹೇಳಿದಳು.

"ಬರುವಾಗ ಯಜಮಾನರು ಸಿಕ್ಕಿದ್ರು ಅಕ್ಕ. ಮೇಲಿನ ಮನೇನ ನೀವೇ ಹೋಗಿ ಗುಡಿಸಿ ಒರೆಸಿದೀರಂತೆ."

"ಧೂಳಿತ್ತು," ಎಂದಳು ಅಕ್ಕ.

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ತಮ್ಮನ ಹೆಂಡತಿ ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ದೊಡ್ಡ ರಜೆ ಮುಗಿದು ಶಾಲೆ ತೆರೆಯುವ ಮೊದಲು ಅವರು ಆ ಕಡೆ ಹೋದರು. ಸಾಮಾನು ಸಾಗಿಸಿದ ದಿನ ಅಕ್ಕ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಓಡಾಡಿ, ಪಾತ್ರೆ ಜೋಡಿಸಿ, ಪರದೆ ಕಟ್ಟಿ ಬಂದಳು. ಪಕ್ಕದ ಮನೆಯ ದರ್ಜಿ ಹೆಂಗಸು, ಶಾಲೆ ಬಿಟ್ಟ ಮೇಲೆ ಚುಕ್ಕಿ ತನ್ನಲ್ಲೇ ಇರಲಿ ಎಂದಳು. ಆ ಮಾತು ಕೇಳಿ ಅಕ್ಕ, ಒಳ್ಳೆಯದಾಯಿತು ಎಂದಳು. ಒಳ್ಳೆಯದೇ ಆಗಿತ್ತು. ಮೇಲಿನ ಮನೆಗೆ ಇಬ್ಬರು ಗಂಡು ಮಕ್ಕಳಿದ್ದ ಸಂಸಾರ ಬಂತು. ಅವರ ಹೆಜ್ಜೆಗಳಲ್ಲಿ ಯಾವುದು ಯಾರದು ಎಂದು ಅವಳು ಗುರುತಿಟ್ಟುಕೊಳ್ಳಲಿಲ್ಲ.

ಮೊದಮೊದಲು ವಾರಕ್ಕೊಮ್ಮೆ ಹೋಗಿ ಬರುತ್ತಿದ್ದಳು. ಆಮೇಲೆ ಆಸ್ಪತ್ರೆಯಲ್ಲಿ ಪಾಳಿ ಬದಲಾಯಿತು, ತಮ್ಮನಿಗೂ ಭಾನುವಾರದ ಕೆಲಸ ಬಂತು. ಹೋದರೆ ಒಬ್ಬರಿದ್ದರೆ ಒಬ್ಬರಿಲ್ಲ. ಹೋಗುವುದು ತಿಂಗಳಿಗೊಮ್ಮೆಯಾಯಿತು, ಆಗಲೂ ಮೊದಲೇ ಫೋನು ಮಾಡಿ ಕೇಳಿಕೊಂಡು. ಬರಬೇಡ ಎಂದು ಯಾರೂ ಎಂದೂ ಅನ್ನಲಿಲ್ಲ. ಬರುತ್ತೀಯಾ ಎಂದು ಅವರು ಕೇಳುವ ದಿನಗಳಲ್ಲಿ ಅವಳಿಗೆ ಬಿಡುವಿರುತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನ ಎಕ್ಸ್‌ರೇ ಯಂತ್ರ ಕೆಟ್ಟು ನಿಂತಿತು. ರಿಪೇರಿಯವರು ಬರುವುದು ನಾಳೆಯೇ ಎಂದಾಗ ಎಲ್ಲರನ್ನೂ ಮನೆಗೆ ಕಳಿಸಿದರು. ಅಕ್ಕ ಮನೆಯ ಕಡೆ ನಾಲ್ಕು ಹೆಜ್ಜೆ ನಡೆದವಳು, ತಮ್ಮನ ಮನೆ ಕಡೆಯ ಬಸ್ಸು ಬಂದದ್ದು ಕಂಡು ಹತ್ತಿಬಿಟ್ಟಳು. ಫೋನು ಮಾಡಲಿಲ್ಲ. ದಾರಿಯಲ್ಲಿ ಇಳಿದು ಕಿತ್ತಳೆ ಹಣ್ಣು ಕೊಂಡಳು. ದೂರದ ಬಡಾವಣೆ ತಲುಪಿದಾಗ ಶಾಲೆ ಆಗಷ್ಟೇ ಬಿಟ್ಟಿತ್ತು. ಗೇಟಿನ ಎದುರು, ರಸ್ತೆಯ ಈಚೆ ಬದಿಯಲ್ಲಿ ಪಂಕ್ಚರ್ ಅಂಗಡಿಯ ನೆರಳಿಗೆ ನಿಂತು ನೋಡಿದಳು.

ಚುಕ್ಕಿ ಬಂದಳು. ಎತ್ತರವಾಗಿದ್ದಳು. ಅವಳ ಎರಡೂ ಕಡೆ ಇಬ್ಬರು ಹುಡುಗಿಯರು, ಮುಂದೆ ಹಿಮ್ಮುಖವಾಗಿ ನಡೆಯುತ್ತ ಇನ್ನೊಬ್ಬಳು. ಚುಕ್ಕಿ ಏನೋ ಹೇಳುತ್ತಿದ್ದಳು, ಕೈ ಆಡಿಸಿ, ಕಣ್ಣು ಅರಳಿಸಿ. ನಡುವೆ ಎಲ್ಲೋ ಸಿಕ್ಕಿಹಾಕಿಕೊಂಡಳು. ಹಿಮ್ಮುಖವಾಗಿ ನಡೆಯುತ್ತಿದ್ದವಳು ನಿಂತಳು, ಉಳಿದಿಬ್ಬರೂ ನಿಂತರು. ಜನ ಅವರನ್ನು ಬಳಸಿಕೊಂಡು ಹೋದರು. ಅಕ್ಕನ ಕೈ ಕರೆಯಲೆಂದು ಮೇಲಕ್ಕೆ ಎದ್ದಿತ್ತು. ಅದನ್ನು ಇಳಿಸಿ, ಹಣ್ಣಿನ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮಾತು ಬಿಡಿಸಿಕೊಂಡಿತು, ನಾಲ್ವರೂ ಬಿದ್ದು ಬಿದ್ದು ನಕ್ಕರು, ಮತ್ತೆ ನಡೆದರು. ಚುಕ್ಕಿ ಈ ಕಡೆ ನೋಡಲಿಲ್ಲ. ತಿರುವು ದಾಟುವಾಗಲೂ ಅವಳ ಕತೆ ಮುಗಿದಿರಲಿಲ್ಲ.

ಗೇಟಿನ ಮುಂದೆ ಜನ ಕರಗಿದರು. ಪಂಕ್ಚರ್ ಅಂಗಡಿಯವನು ಯಾರಿಗೆ ಕಾಯುತ್ತಿದ್ದೀರಿ ಎಂದೇನೂ ಕೇಳದೆ, ಸ್ಟೂಲೊಂದನ್ನು ಕಾಲಿನಿಂದ ಅವಳ ಕಡೆ ತಳ್ಳಿದ. ಅಕ್ಕ ಕೂತಳು. ಅವನು ಗಾಳಿ ತುಂಬಿದ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸಿ ತಿರುಗಿಸುತ್ತಿದ್ದ. ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಒಂದು ಕಡೆಯಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಸಾಲಾಗಿ ಮೇಲಕ್ಕೆ ಬಂದವು. ಅವನು ಆ ಜಾಗದ ಮೇಲೆ ಹೆಬ್ಬೆರಳು ಒತ್ತಿ ಹಿಡಿದ. ಗುಳ್ಳೆಗಳು ನಿಂತವು.